ಎಮ್ಮೆ ಕಥೆಯನ್ನು ಯಾರು ತಂದರು

ಅರಕೆರೆಯಲ್ಲಿ ಎರಡು ಕಾವ್ಯಗಳಿದ್ದವು. ಒಂದನ್ನು ಊರಿನವರು ಹೊಗಳುತ್ತಿದ್ದರು, ಇನ್ನೊಂದನ್ನು ಕೇಳುತ್ತಿದ್ದರು.

ಹೊಗಳಿಸಿಕೊಳ್ಳುವುದು ಗೌಡ ಹೊನ್ನಪ್ಪನ ಮನೆಯ ಹಲಸಿನ ಪೆಟ್ಟಿಗೆಯಲ್ಲಿ ಕೆಂಪು ವಸ್ತ್ರ ಹೊದ್ದು ಮಲಗಿತ್ತು. ಎಲ್ಲರೂ ಅದನ್ನು ದೊಡ್ಡ ಕಾವ್ಯ ಎನ್ನುತ್ತಿದ್ದರು. ಅದನ್ನು ಓದಿಸಬೇಕಾದರೆ ಅಂಗಳ ಸಾರಿಸಿ ದೀಪ ಹಚ್ಚಬೇಕು, ಕೇಳುವವರು ಮಿಂದು ಬರಬೇಕು. ಓದುತ್ತಿದ್ದವನು ದಾಸಯ್ಯ. ಊರಿನಲ್ಲಿ ಓಲೆಗರಿ ಓದಬಲ್ಲ ಕೆಲವರಲ್ಲಿ ಗಂಟಲು ಚೆನ್ನಾಗಿದ್ದವನು ಅವನೊಬ್ಬನೇ. ಕಾವ್ಯದ ರಾಜ ಯುದ್ಧಕ್ಕೆ ಹೊರಡುತ್ತಾನೆ, ಆದರೆ ಅವನು ಹೊಸಿಲು ದಾಟುವ ಮುಂಚೆ ಕವಿಗೆ ಸಮುದ್ರ ನೆನಪಾಗುತ್ತದೆ. ಆಮೇಲೆ ಬೆಟ್ಟ, ಆಮೇಲೆ ಚಂದ್ರೋದಯ. ಕಾವೇರಿ ಬಿಟ್ಟು ಬೇರೆ ನೀರು ಕಾಣದ ಜನ ಸಮುದ್ರಕ್ಕೆ ತಲೆದೂಗುತ್ತಾ ತೂಕಡಿಸುತ್ತಿದ್ದರು. ದೂರದಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಕೊನೆಯಲ್ಲಿ ವೀಳ್ಯ ತೆಗೆದುಕೊಳ್ಳುವಾಗ ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕೆಂಬ ಪದ್ಧತಿ ಇತ್ತು. ಇಂಥದ್ದು ಇನ್ನೊಂದು ಹುಟ್ಟಲಾರದು ಎಂದು ಎಲ್ಲರೂ ಹೇಳುತ್ತಿದ್ದರು. ರಾಜ ಕೊನೆಗೆ ಯುದ್ಧಕ್ಕೆ ಹೋದನೋ ಇಲ್ಲವೋ ಎಂದು ಕೇಳಿದ್ದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಇನ್ನೊಂದು, ಕಮ್ಮಾರ ಮಂಚಯ್ಯ ಬರೆದ ಎಮ್ಮೆ ಕಥೆ. ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಒಬ್ಬ ಯಜಮಾನ ಊರೂರು ತಿರುಗುತ್ತಾನೆ. ಹೋದಲ್ಲೆಲ್ಲ ಜನ ಇದೇ ನಿಮ್ಮ ಎಮ್ಮೆ ಎಂದು ಅವನಿಗೆ ಒಂದೊಂದು ಎಮ್ಮೆ ಕಟ್ಟಿ ದುಡ್ಡು ಕೀಳುತ್ತಾರೆ. ಹಿಂಡು ಹೊಡೆದುಕೊಂಡು ಮನೆಗೆ ಬಂದರೆ ಹಳೇ ಎಮ್ಮೆ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿರುತ್ತದೆ. ಅಷ್ಟರಲ್ಲಿ ಮನೆಯ ಯಜಮಾನಿಕೆ ಹೆಂಡತಿಯ ಕೈಗೆ ಹೋಗಿರುತ್ತದೆ, ಅವಳು ಅದನ್ನು ತಿರುಗಿ ಕೊಡುವುದಿಲ್ಲ. ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ರೈತ ಜವರಯ್ಯನ ಕೊಟ್ಟಿಗೆಯೊಳಗೆ ಸೇರಿ, ಬಾಗಿಲು ಮುಂದೆ ಮಾಡಿ, ಇದನ್ನು ಓದಿಸಿಕೊಂಡು ಊರಿನವರು ಹೊಟ್ಟೆ ಹಿಡಿದು ನಗುತ್ತಿದ್ದರು. ಹೊರಗೆ ಬರುವಾಗ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದರು. ಗೌಡ ಅದನ್ನು ದನ ಕಾಯುವವರ ಹರಟೆ ಎನ್ನುತ್ತಿದ್ದ. ದಾಸಯ್ಯ ಛಂದಸ್ಸು ಕುಂಟುತ್ತದೆ ಎನ್ನುತ್ತಿದ್ದ. ಹೆಂಗಸರು ಮಕ್ಕಳು ಕೇಳುವಂಥದ್ದಲ್ಲ ಎಂದು ಜವರಯ್ಯನ ದೂರು. ಎಷ್ಟು ಕೆಟ್ಟದ್ದೆಂದು ಖಚಿತ ಮಾಡಿಕೊಳ್ಳಲು ಮುಂದಿನ ಮಳೆಗೆ ಮತ್ತೆ ಸೇರುತ್ತಿದ್ದರು.

ಮಂಚಯ್ಯ ತೀರಿಕೊಂಡ ಮೇಲೆ ಕುಲುಮೆ ಅವನ ಅಣ್ಣನ ಪಾಲಿಗೆ ಹೋಯಿತು. ಮಕ್ಕಳಿರಲಿಲ್ಲ. ಹೆಂಡತಿ ಬೆಟ್ಟಮ್ಮನಿಗೆ ಉಳಿದದ್ದು ಆ ಓಲೆಗರಿಯ ಕಟ್ಟು ಒಂದೇ. ಅವಳಿಗೆ ಓದು ಬರುತ್ತಿರಲಿಲ್ಲ. ಹುಳ ಹಿಡಿಯಬಾರದೆಂದು ಅಡಿಗೆ ಒಲೆಯ ಮೇಲೆ, ಹೊಗೆ ತಾಗುವ ಹಾಗೆ, ಅದನ್ನು ನೇತುಹಾಕಿದ್ದಳು. ಯಾರಾದರೂ ಕೇಳಿದರೆ ಇಳಿಸಿ ಕೊಡುವಳು, ತಂದುಕೊಟ್ಟಾಗ ಸೆರಗಿನಿಂದ ಒರೆಸಿ ಮತ್ತೆ ನೇತುಹಾಕುವಳು.

ಸಾವಿರದ ಏಳುನೂರ ತೊಂಬತ್ತೊಂದರ ಬೇಸಿಗೆಯಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣಕ್ಕೆ ಬರುತ್ತಿದೆಯೆಂದು ಸುದ್ದಿಯಾಯಿತು. ದಂಡಿಗೆ ಕಾಳು ಹುಲ್ಲು ಸಿಗದಂತೆ ಊರು ಖಾಲಿ ಮಾಡಿ ಎಂದು ಪಟ್ಟಣದಿಂದ ಅಪ್ಪಣೆ ಬಂತು. ನಾಗಮಂಗಲದ ಹತ್ತಿರ ಗೌಡನ ಬೀಗರಿದ್ದರು, ಅಲ್ಲಿಗೆ ಹೋಗುವುದೆಂದಾಯಿತು. ಗೌಡನ ಗಾಡಿಗೆ ಮೊದಲು ಹತ್ತಿದ್ದು ದೊಡ್ಡ ಕಾವ್ಯದ ಪೆಟ್ಟಿಗೆ. ಅದಕ್ಕೆ ಜಾಗ ಮಾಡಲು ಗೌಡನ ಹೆಂಡತಿಯ ರಾಗಿಕಲ್ಲನ್ನು ಇಳಿಸಿದರು. ಅವಳು ಅಂದದ್ದನ್ನು ಇಲ್ಲಿ ಬರೆಯುವುದು ಬೇಡ.

ಬೆಟ್ಟಮ್ಮ ತನ್ನ ಕಟ್ಟನ್ನು ಎದೆಗವಚಿಕೊಂಡು ಗಾಡಿಯ ಹತ್ತಿರ ಬಂದಳು. ತಲೆಯ ಮೇಲೆ ರಾಗಿಯ ಗಂಟು, ಕಂಕುಳಲ್ಲಿ ಮಡಕೆ ಇತ್ತು. ಇದೊಂದನ್ನು ಗಾಡಿಯಲ್ಲಿಟ್ಟುಕೊಳ್ಳಿ ಎಂದು ಕೇಳಿದಳು. ಊರೆಲ್ಲ ಸುತ್ತ ನಿಂತಿತ್ತು. ನಾಲ್ಕು ಜನರ ಮುಂದೆ ಗೌಡನಿಗೆ ಗೌಡನಾಗದೆ ವಿಧಿಯಿರಲಿಲ್ಲ.

"ಪ್ರಾಣ ಉಳಿಸ್ಕೊಳಾದೇ ಕಷ್ಟ ಆಗದೆ, ಇದ್ಯಾಕವ್ವಾ?" ಎಂದ.

ದಾಸಯ್ಯ ಛಂದಸ್ಸಿನ ಮಾತೆತ್ತಿದ. ಜವರಯ್ಯ ಹೆಂಗಸರು ಮಕ್ಕಳ ಮಾತೆತ್ತಿದ. ಬೆಟ್ಟಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಮನೆಗೆ ಹೋಗಿ ಕಟ್ಟನ್ನು ಇದ್ದ ಕಡೆಯೇ ನೇತುಹಾಕಿ ಬಂದಳು.

ಗಾಡಿಗಳು ಹೊರಡುವ ಗಡಿಬಿಡಿಯಲ್ಲಿ ದಾಸಯ್ಯ ಏನೋ ಮರೆತವನಂತೆ ಕಮ್ಮಾರರ ಕೇರಿಗೆ ಹೋದ. ಮೂಲೆಯಲ್ಲಿ ಜವರಯ್ಯ ನಿಂತಿದ್ದ. ಮೇಕೆ ಹುಡುಕುತ್ತಿದ್ದೇನೆ ಎಂದ ದಾಸಯ್ಯ. ನಾನೂ ಅದನ್ನೇ ಎಂದ ಜವರಯ್ಯ. ಇಬ್ಬರ ಮನೆಯಲ್ಲೂ ಮೇಕೆ ಇರಲಿಲ್ಲ. ಇವನು ಎಮ್ಮೆ ಕಥೆಗೇ ಬಂದಿದ್ದಾನೆ, ತರುತ್ತಾನೆ ಎಂದು ಅವನು ನೆಮ್ಮದಿಯಾಗಿ ಹಿಂದಿರುಗಿದ. ಅವನು ತರುತ್ತಾನೆ ಎಂದು ಇವನೂ ಹಿಂದಿರುಗಿದ. ಇಬ್ಬರೂ ಆ ಕೇರಿಯಿಂದ ಬರುವುದನ್ನು ಕಂಡ ಗೌಡ, ಸದ್ಯ, ಎಂದು ಮನಸ್ಸಿನಲ್ಲೇ ಅಂದುಕೊಂಡು ಎತ್ತು ಹೊಡೆದ.

ಅರಕೆರೆಗೆ ಬೆಂಕಿ ಬಿದ್ದ ಸುದ್ದಿ ನಾಗಮಂಗಲದ ತೆಂಗಿನ ತೋಪಿನಲ್ಲಿ ಅವರನ್ನು ಮುಟ್ಟಿತು. ಒಂದು ಮನೆಯೂ ಉಳಿದಿಲ್ಲವಂತೆ. ಹೆಂಗಸರು ಅತ್ತರು. ಜನರ ಮನಸ್ಸಿಗೆ ಸ್ವಲ್ಪ ಸಮಾಧಾನವಾಗಲೆಂದು ಗೌಡ ಮರುದಿನ ಸಂಜೆ ಪೆಟ್ಟಿಗೆ ತೆರೆಸಿದ. ದಾಸಯ್ಯ ಸಮುದ್ರವನ್ನು ಶುರು ಮಾಡಿದ. ಅಲೆಗಳು ಬಂದವು, ಮುತ್ತುಗಳು ಬಂದವು, ತಿಮಿಂಗಿಲ ಬಂತು. ಮಕ್ಕಳು ಹಸಿವೆಂದು ಅಳತೊಡಗಿದವು. ಕೊನೆಗೆ ಗೌಡನೇ ಕೈಯೆತ್ತಿದ.

"ಕಟ್ಟಿಡು ದಾಸಯ್ಯ, ಸಾಕು. ಆ ಎಮ್ಮೆ ಕಥೆ ತೆಗಿ. ನೀನು ತಂದಿರೋದು ನಂಗೊತ್ತು ಕಣ್ಲಾ."

ದಾಸಯ್ಯ ಜವರಯ್ಯನ ಕಡೆ ನೋಡಿದ. ಜವರಯ್ಯ ದಾಸಯ್ಯನ ಕಡೆ ನೋಡಿದ. ಆಮೇಲೆ ಇಬ್ಬರೂ ಗೌಡನನ್ನು ನೋಡಿದರು. ಅವನು ತಂದಿಲ್ಲ, ಇವನು ತಂದಿಲ್ಲ, ಯಾರೂ ತಂದಿಲ್ಲ ಎಂದು ತಿಳಿಯುತ್ತಿದ್ದಂತೆ ಇಡೀ ತೋಪು ಬೆಟ್ಟಮ್ಮನ ಕಡೆ ತಿರುಗಿತು. ಒಲೆ ಹಚ್ಚುತ್ತಿದ್ದ ಅವಳು ಎದ್ದು ನಿಂತಳು. ನೇತುಹಾಕಿ ಬಂದೆ ಎಂದಳು.

ಆಗ ಬಾಯಿ ಬಿಟ್ಟರು ನೋಡಿ. ಅಲ್ಲಿಯವರೆಗೆ ಒಂದೇ ಅಭಿಪ್ರಾಯವಿದ್ದ ಊರಿನಲ್ಲಿ ನೂರು ಅಭಿಪ್ರಾಯ ಹುಟ್ಟಿದವು. ಎಮ್ಮೆ ಮಾರುವ ಮುದುಕಿಯ ಭಾಗವೇ ಉತ್ತಮ ಎಂದು ಜವರಯ್ಯ ಅಂದ. ಛೆ, ಯಜಮಾನ ಹಿಂಡಿನ ಹಿಂದೆ ಅಳುತ್ತಾ ಬರುವುದೇ ಉತ್ತಮ ಎಂದು ದಾಸಯ್ಯ ಜಗಳಕ್ಕೆ ನಿಂತ. ಗೌಡನ ಹೆಂಡತಿಗೆ ಯಜಮಾನಿಯೇ ಇಷ್ಟ, ಅದನ್ನವಳು ಗಂಡನನ್ನು ನೋಡಿಕೊಂಡೇ ಹೇಳಿದಳು. ಗೌಡನಂತೂ ದೊಡ್ಡ ಕಾವ್ಯವನ್ನು ತನಗೆ ಯಾವತ್ತೂ ಸಹಿಸಲಾಗಿರಲಿಲ್ಲ ಎಂದುಬಿಟ್ಟ. ಇಷ್ಟು ಧೈರ್ಯ ಇವರಿಗೆ ಎಲ್ಲಿತ್ತೋ. ಓಲೆ ಬೂದಿಯಾದ ಮೇಲೆ ಹೊಗಳುವುದಕ್ಕೆ ಯಾರ ಭಯವೂ ಇಲ್ಲವಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ.

"ಅಷ್ಟು ಒಳ್ಳೇದನ್ನ ಬುಟ್ಟು ಬಂದ್ಯಲ್ಲಾ ಬೆಟ್ಟವ್ವ, ನಿಂಗಾದ್ರೂ ಗ್ಯಾನ ಬ್ಯಾಡ್ವಾ?" ಎಂದ ಗೌಡ.

ಬೆಟ್ಟಮ್ಮ ಕೈಯಲ್ಲಿದ್ದ ಸೌದೆ ಕೆಳಗಿಟ್ಟಳು.

"ನೀವೆಲ್ಲ ಚೆನ್ನಾಗಿಲ್ಲ ಅಂತಿದ್ರಿ ಗೌಡ್ರೇ. ನಂಗೆ ಓದು ಬರಾಕಿಲ್ಲ, ನಂಬ್ಬುಟ್ಟೆ. ನಮ್ಮನೆಯೋರು ಓದಿ ಯೋಳುವಾಗ ನಾನೂ ನಗ್ತಿದ್ದೆ. ನಗಾದು ನನ್ನ ದಡ್ಡತನ ಅಂದ್ಕಂಡಿದ್ದೆ."

ಯಾರೋ ಸಮಾಧಾನ ಹೇಳಲು ಹೋದರು. ಅವಳು ಕೇಳಿಸಿಕೊಳ್ಳಲಿಲ್ಲ.

"ಪ್ರಾಣ ಹೋಗೋ ಮುಂಚೆ ನನ್ನ ಕೈ ಹಿಡ್ಕಂಡು ಕೇಳಿದ್ರು. ನಿಜವಾಗ್ಲೂ ಅಷ್ಟು ಕೆಟ್ಟದಾ ಬೆಟ್ಟೀ, ಅಂತ. ಊರೋರೆಲ್ಲ ಅಂಗೇ ಅಂತಾವ್ರೆ, ಅಂದೆ."