ಹಿಂದಿನ ಸಾಲಿನ ಬಾಟಲಿಗಳು

೨೦೧೭ನೇ ಇಸವಿ ಮಾರ್ಚ್ ೬, ಸೋಮವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥೆಯ ಕೋಣೆಯ ಹೊರಗೆ, ಬೆಂಚಿನ ಮೇಲೆ ನಾನೂ ನನ್ನ ಕಿರಿಯ ಸಹೋದ್ಯೋಗಿಯೂ ಕೂತಿದ್ದೆವು. ಅವಳ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಒಂಬತ್ತಕ್ಕೆ ತೀರ್ಮಾನವಾಗಲಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ.

"ನೀವ್ಯಾಕಣ್ಣ ಬಂದ್ರಿ? ನನ್ನ ಪರ ಮಾತಾಡೋಕೆ ಹೋಗಿ ಮೈ ಮೇಲೆ ಎಳ್ಕೋಬೇಡಿ."

"ಸುಮ್ನಿರು. ನಂಗೂ ಒಳಗೆ ಕೆಲಸ ಇದೆ."

ರೋಗಿಯ ದೇಹದಿಂದ ತೆಗೆದ ಚೂರನ್ನು ಮದ್ಯಸಾರದಲ್ಲಿ ನೆನೆಸಿ, ಅದರೊಳಗಿನ ನೀರನ್ನೆಲ್ಲ ಹಂತ ಹಂತವಾಗಿ ತೆಗೆದು, ಮೇಣ ತುಂಬಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸುವುದು ನಮ್ಮ ಕೆಲಸ. ಕೊನೆಯ ಹಂತದ ಮದ್ಯಸಾರ ಶೇಕಡಾ ತೊಂಬತ್ತೊಂಬತ್ತಕ್ಕೂ ಹೆಚ್ಚು ಶುದ್ಧವಿರಬೇಕು, ಅದರಲ್ಲಿ ನೀರು ಇರಕೂಡದು. ಇದ್ದರೆ ಮೇಣ ಒಳಗಿಳಿಯದೆ, ಅಲಗಿನಡಿ ಚೂರು ಪುಡಿಯಾಗುತ್ತದೆ.

ಮೂರು ವಾರಗಳಿಂದ ಅವಳ ಕೈಯಲ್ಲಿ ಆಗುತ್ತಿದ್ದುದು ಅದೇ. ಇಬ್ಬರು ರೋಗಿಗಳು ಹೊಸ ಚೂರು ಕೊಡಲು ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಮೇಣದ ಬಿಸಿ ನೋಡಿದರು, ಯಂತ್ರ ಬಿಚ್ಚಿದರು, ಅಲಗು ಬದಲಾಯಿಸಿದರು. ಸೀಲ್ ಇದ್ದ ಬಾಟಲಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಬೇಗ ಮನೆಗೆ ಹೋಗಲು ಅವಳು ನೆನೆಸುವ ಹೊತ್ತಿಗೇ ಕತ್ತರಿ ಹಾಕುತ್ತಿದ್ದಾಳೆ ಎಂದು ಷರಾ ಬರೆದರು.

ನೀರು ಬಾಟಲಿಯಲ್ಲಿತ್ತು. ಬೆರೆಸಿದವನು ನಾನು.

ಕುಡಿಯುತ್ತಿದ್ದ ಕಾಲದಲ್ಲಿ ಮುಚ್ಚಳದ ಪಟ್ಟಿಯನ್ನು ಆವಿಯಲ್ಲಿ ಸಡಿಲಿಸಿ, ಬೇಕಾದಷ್ಟು ಸುರಿದುಕೊಂಡು, ಅಷ್ಟೇ ನೀರು ತುಂಬಿಸಿ, ಬಾಟಲಿಯನ್ನು ಉಗ್ರಾಣದ ಹಿಂದಿನ ಸಾಲಿಗೆ ತಳ್ಳುತ್ತಿದ್ದೆ. ಮುಂದಿನ ಸಾಲು ಖಾಲಿಯಾಗಿ, ಮೂರು ವಾರಗಳಿಂದ ಅವು ಅವಳ ಕೈಗೆ ಬರತೊಡಗಿದ್ದವು. ನಲ್ಲಿಯ ನೀರಲ್ಲ, ಬಟ್ಟಿ ಇಳಿಸಿದ ನೀರು. ಕಳ್ಳತನದಲ್ಲೂ ಅಚ್ಚುಕಟ್ಟು.

ಕಳೆದ ವರ್ಷ ಕೆಲಸದ ಹೊತ್ತಿನಲ್ಲೇ ಕುಸಿದು ಬಿದ್ದೆ. ಕುಡಿತ ಬಿಡಿಸುವ ಮನೆಗೆ ಸೇರಿಸಿದರು. ಅಲ್ಲಿ ಪ್ರತಿ ಬುಧವಾರ ಒಬ್ಬ ನಿವೃತ್ತ ನರ್ಸ್ ಬಂದು ಪ್ರಾರ್ಥನೆ ನಡೆಸುತ್ತಿದ್ದರು. ಎಲ್ಲರಿಗೂ ಅವರು ದೊಡ್ಡಮ್ಮ. ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತಿದ್ದಾಗ, ಯೇಸುವೇ, ನೀನು ಇರುವುದೇ ನಿಜವಾದರೆ ಇವತ್ತೊಂದು ದಿನ ದಾಟಿಸು ಎಂದು ಬೇಡಿದೆ. ಆ ದಿನ ದಾಟಿತು. ಮರುದಿನವೂ ಅಷ್ಟನ್ನೇ ಬೇಡಿದೆ. ಹಾಗೆ ಇನ್ನೂರ ತೊಂಬತ್ತು ದಿನ. ಜನವರಿಯಲ್ಲಿ ನನ್ನನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡರು. ಇನ್ನೊಂದು ತಪ್ಪು ಕಂಡರೆ ಹೊರಗೆ ಎಂಬ ಷರತ್ತಿನ ಮೇಲೆ.

ನಿನ್ನೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ, ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದ ದೊಡ್ಡಮ್ಮನ ಬಳಿ ಹೋಗಿದ್ದೆ.

"ಬೇರೆ ಸಭೆಯವರೂ ನಾನು ಕುಡಿತ ಬಿಟ್ಟ ಸಾಕ್ಷಿ ಹೇಳೋಕೆ ಕರೀತಿದಾರೆ ದೊಡ್ಡಮ್ಮ. ದೇವರು ನನ್ನ ಉಳಿಸಿದ್ದು ಇದಕ್ಕೇ ಅನ್ಸುತ್ತೆ."

"ಚೆನ್ನಾಗೇ ಹೇಳ್ತೀಯ ಬಿಡು. ಮೂರು ಸಲ ಕೇಳಿದೀನಿ. ಮೂರು ಸಲವೂ ಲ್ಯಾಬಿನ ಮಾತು ಬಂದ ಕೂಡ್ಲೇ ಕೆಮ್ಮಿದೆ."

"ಗಂಟಲು ಕೆಟ್ಟಿತ್ತು."

"ನಲವತ್ತು ವರ್ಷ ರೋಗಿಗಳ ಸುಳ್ಳು ಕೇಳಿದ ಕಿವಿ ಕಣಪ್ಪ ಇದು. ಎಲ್ಲಿ ನೋವು ಅಂದ್ರೆ ಪಕ್ಕದ ಜಾಗ ತೋರಿಸೋರು."

ಹೇಳಿದೆ. ಬಾಟಲಿಗಳ ವಿಷಯ, ಆ ಹುಡುಗಿಯ ವಿಷಯ, ಎಲ್ಲ. ಅವರು ಪುಸ್ತಕ ಕೆಳಗಿಟ್ಟರು.

"ದೇವರು ಕ್ಷಮಿಸಿಲ್ವಾ ದೊಡ್ಡಮ್ಮ?"

"ಕ್ಷಮಿಸಿದಾನೆ. ಅದಕ್ಕೇ ಈಗ ನಿಂಗೆ ನಿಜ ಹೇಳೋಕೆ ಸಾಧ್ಯ. ನನ್ನನ್ಯಾಕೆ ಉಳಿಸಿದೆ ಅಂತ ಸೂರು ನೋಡ್ಕೊಂಡು ಕೇಳ್ತಿದ್ದೀಯಲ್ಲ, ನಾಳೆ ಒಂಬತ್ತಕ್ಕೆ ಎಲ್ಲಿರಬೇಕು ಅಂತ ನಿಂಗೇ ಗೊತ್ತಿದೆ."

ಗೊತ್ತಿತ್ತು. ನನ್ನ ಪಾಪವನ್ನು ಯೇಸು ಹೊತ್ತನೆಂದು ಭಾನುವಾರ ಹಾಡುತ್ತಿದ್ದೆ; ಸೋಮವಾರದಿಂದ ಶನಿವಾರದವರೆಗೆ ಅದನ್ನು ಈ ಹುಡುಗಿ ಹೊರುತ್ತಿದ್ದಳು.

ಒಂಬತ್ತಕ್ಕೆ ಮುಖ್ಯಸ್ಥೆಯ ಕೋಣೆಯ ಬಾಗಿಲು ತೆರೆಯಿತು. ಅವಳ ಹಿಂದೆಯೇ ಒಳಗೆ ನಡೆದೆ. ಮುಖ್ಯಸ್ಥೆ ಅವಳನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿದಿದ್ದರು. ನಿಂತಲ್ಲೇ, ಒಂದಂಶವನ್ನೂ ಬಿಡದೆ ಹೇಳಿದೆ.

"ಕುಡಿದು ಬಂದಿದ್ದೀರಾ?"

"ಇಲ್ಲ ಮೇಡಂ. ಕುಡಿದಿದ್ರೆ ಹೇಳ್ತಿರಲಿಲ್ಲ."

"ಇವತ್ತಿಂದ್ಲೇ ನಿಮಗಿಲ್ಲಿ ಕೆಲಸ ಇಲ್ಲ. ಅದು ಗೊತ್ತಿದ್ದೇ ಹೇಳ್ತಿದ್ದೀರಾ?"

"ಗೊತ್ತಿದ್ದೇ. ಆದ್ರೆ ಯಾವ್ಯಾವ ಬಾಟಲಿ ಅಂತ ನಂಗೊಬ್ಬನಿಗೇ ಗೊತ್ತು. ತೋರಿಸಿಕೊಟ್ಟು ಹೋಗ್ತೀನಿ. ನಂಬಬೇಡಿ, ಅಳೆದು ನೋಡಿ."

ಅವರು ಪತ್ರವನ್ನು ಎರಡು ಚೂರು ಮಾಡಿ, ಉಗ್ರಾಣದ ಕೀಲಿಯನ್ನು ಅವಳ ಕೈಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ.

ಕಾರಿಡಾರಿನಲ್ಲಿ ನಡೆಯುತ್ತಿದ್ದವಳು ನಿಂತಳು. "ಮೂರು ವಾರ! ನಂಗೆ ಕೈ ಸರಿ ಇಲ್ವೇನೋ ಅಂತ ಅಮ್ಮನ ಹತ್ರ ಅತ್ತಿದೀನಿ. ನೀವು ಟೀ ಕುಡಿಸಿ ಸಮಾಧಾನ ಬೇರೆ ಮಾಡಿದ್ರಿ."

"ಹೌದು. ನಂದೇ ತಪ್ಪು."

ಆಮೇಲೆ ಅವಳು ನನ್ನನ್ನು ಅಣ್ಣ ಎನ್ನಲಿಲ್ಲ.

ಹಿಂದಿನ ಸಾಲಿನಿಂದ ಏಳು ಬಾಟಲಿಗಳನ್ನು ತೋರಿಸಿದೆ. ಮೊದಲನೆಯದರ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಬಾಯಲ್ಲಿ ನೀರೂರಿತು. ಆದರೂ ಕಾಲು ಕೀಳಲಿಲ್ಲ. ಈ ಏಳು ಬಾಟಲಿ ಮುಗಿಯುವವರೆಗೆ ನನ್ನ ಜಾಗ ಇದೇ ಎಂಬುದು, ಯಾವ ಸಭೆಯಲ್ಲಿ ನಿಂತಾಗಲೂ ಅನ್ನಿಸದಷ್ಟು ಖಚಿತವಾಗಿ ಅನ್ನಿಸಿತು. ಆಮೇಲಿನದನ್ನು ಯೇಸು ಆಮೇಲೆ ಹೇಳುತ್ತಾನೆ.

ಮುಖ್ಯಸ್ಥೆ ಅಳತೆಯ ಗಾಜಿನ ಕೊಳವೆಗೆ ಸುರಿದು, ಮದ್ಯಸಾರದ ಪ್ರಮಾಣ ತೋರಿಸುವ ಮಾಪಕವನ್ನು ತೇಲಿಬಿಟ್ಟರು. ಉಷ್ಣತೆ ಇಪ್ಪತ್ತು ಡಿಗ್ರಿ, ಅಳತೆಗೆ ಬೇಕಾದಷ್ಟೇ.

"ಓದು," ಎಂದರು ಅವಳಿಗೆ.

"ಅವರೇ ಓದ್ಲಿ ಮೇಡಂ. ನಾನು ಓದಿದ್ರೆ ಮತ್ತೆ ನನ್ನ ಕಣ್ಣೇ ಸರಿ ಇಲ್ಲ ಅಂತೀರ."

ಮಾಪಕದ ಅಲುಗಾಟ ನಿಲ್ಲುವವರೆಗೆ ಕಾದೆ. ಬಗ್ಗಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಇಬ್ಬರಿಗೂ ಕೇಳುವಂತೆ ಓದಿದೆ: ಶೇಕಡಾ ಎಪ್ಪತ್ತೆಂಟು.