ಒಂದೇ ಕಣ್ಣಿನ ಅಳು

ಶಿವಕಾಂತಮ್ಮನಿಗೆ ವರ್ಷದಿಂದ ತಲೆನೋವು. ಬಂದಾಗಲೆಲ್ಲ ಕಣ್ಣು ಕೆಂಪಾಗುತ್ತಿತ್ತು. ಸೇಡಂನ ಅವರ ಓಣಿಗೆ ಕಾರಣ ಹುಡುಕಲು ಎರಡು ದಿನವೂ ಬೇಕಾಗಲಿಲ್ಲ. ಗಂಡ ಹೊಡೆಯುತ್ತಾನೆ, ಇವಳು ಅಳುತ್ತಾಳೆ. ಗಂಡ ತಮ್ಮಣ್ಣ ಕಚೇರಿಯೊಂದರ ಗುಮಾಸ್ತ; ಅಡುಗೆಮನೆಗೆ ಬಂದ ಬೆಕ್ಕನ್ನು ಓಡಿಸುವುದಕ್ಕೂ ಹೆಂಡತಿಯನ್ನೇ ಕರೆಯುವವನು. ಅಂಥ ಮೆತ್ತಗಿನವರೇ ಒಳಗೆ ಹುಲಿ ಎಂದು ಓಣಿಗೆ ಗೊತ್ತಿತ್ತು.

ನಿವೃತ್ತ ಮಾಸ್ತರ ಗುರುಲಿಂಗಯ್ಯ ಅವನನ್ನು ಕಟ್ಟೆಗೆ ಕರೆಸಿದರು.

"ಹೆಣ್ಣಮಗಳ ಕಣ್ಣಾಗ ನೀರ ತರಸಬಾರ್ದು, ತಮ್ಮಣ್ಣ."

"ನಾ ಏನೂ ಮಾಡಿಲ್ರಿ."

"ಮಾಡಿದವ್ರೆಲ್ಲ ಹಂಗೇ ಅಂತಾರ."

ಶಿವಕಾಂತಮ್ಮ ತಾನೇ ಬಂದು, "ಅವ್ರು ಹೊಡ್ಯಾಂಗಿಲ್ರಿ. ನನಗ ತಲಿ ನೋಯ್ತದ," ಎಂದಳು. ಮಾಸ್ತರರು ಕಟ್ಟೆಯ ಮೇಲಿದ್ದವರ ಕಡೆ ತಿರುಗಿದರು. "ಎಂಥಾ ಪತಿವ್ರತಾ ನೋಡ್ರಿ. ಹೊಡಿಸ್ಕೊಂಡೂ ಗಂಡನ್ನ ಬಿಟ್ಟುಕೊಡವಲ್ಲಳು."

ಆಮೇಲೆ ತಮ್ಮಣ್ಣ ಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡತೊಡಗಿದ. ಒಂದು ಸೀರೆ ತಂದ. ತಪ್ಪು ಮಾಡದವನು ಸೀರೆ ಯಾಕೆ ತರುತ್ತಾನೆ ಎಂದು ಓಣಿ ಕೇಳಿತು. ತಲೆನೋವಿನ ಗುಳಿಗೆಯನ್ನೂ ತಂದುಕೊಡುತ್ತಿದ್ದ. ಅವಳು ನುಂಗುತ್ತಿದ್ದಳು. ಆಸ್ಪತ್ರೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಸೈದಾನಬಿಯೊಂದಿಗೆ ಕೌದಿ ಹೊಲಿಯುತ್ತಿದ್ದಾಗ ಶಿವಕಾಂತಮ್ಮನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಸೈದಾನಬಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಎಡಗಣ್ಣಷ್ಟೇ ಕೆಂಪಾಗ್ಯಾದಲ್ಲ. ನೀ ಒಂದೇ ಕಣ್ಣಿಲೆ ಅಳ್ತೀಯೇನು?"

"ನಾ ಅಳಾಂಗೇ ಇಲ್ಲ, ಆಪಾ. ದೀಪ ನೋಡಿದ್ರ ಸುತ್ತ ಬಣ್ಣದ ಕೈಬಳಿ ಕಾಣ್ತಾವ. ಇವತ್ತಂತೂ ಎಲ್ಲಾ ಮಂಜಮಂಜ." ಇಷ್ಟು ಹೇಳಿ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡಳು.

ಸೈದಾನಬಿ ತಾನೇ ಕಚೇರಿಗೆ ಹೋಗಿ ತಮ್ಮಣ್ಣನನ್ನು ಕರೆತಂದಳು. ಆಸ್ಪತ್ರೆಗೆ ಹೊರಟವರಿಗೆ ಮಾಸ್ತರರು ಅಡ್ಡ ಬಂದರು. "ಇವತ್ತ ಅಮಾಸಿ. ನಾಳಿಗಿ ಹೋದ್ರಾಯ್ತು."

"ನೀವು ಸುಮ್ಮ ಕುಂದ್ರಿ," ಎಂದು ತಮ್ಮಣ್ಣ ಗದರಿದ. ಅವನು ದನಿ ಏರಿಸಿದ್ದು ಜೀವನದಲ್ಲಿ ಅದೇ ಮೊದಲು. ಓಣಿಗೆ ಬೇಕಾಗಿದ್ದ ಸಾಕ್ಷಿ ಕೊನೆಗೂ ಸಿಕ್ಕಿತು.

ಗುಲಬರ್ಗಾದ ಕಣ್ಣಿನ ಡಾಕ್ಟರು ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ನೋಡಿದರು. ಕಣ್ಣು ಗೋಲಿಯಂತೆ ಗಟ್ಟಿಯಾಗಿತ್ತು. "ಕಣ್ಣೊಳಗ ಒತ್ತಡ ಏರ್ಯಾದ. ತಲಿನೋವು, ಕೆಂಪು, ಮಂಜು, ವಾಂತಿ ಕೂಡಿ ಬಂದ್ರ ಇದು ತಾಸು ತಾಸಿಗೂ ಕೆಡ್ತದ. ವರ್ಷಗಟ್ಲೆ ಗುಳಿಗಿ ನುಂಗಿ ಕುಂದ್ರೋ ಬ್ಯಾನಿ ಅಲ್ಲ."

ಔಷಧಿ ಹಾಕಿ ಒತ್ತಡ ಇಳಿಸಿ, ಬಲಗಣ್ಣಿಗೂ ಅದೇ ಬರಬಾರದೆಂದು ಆಮೇಲೆ ಎರಡೂ ಕಣ್ಣಿಗೆ ಶಸ್ತ್ರಕ್ರಿಯೆ ಮಾಡಿದರು. ಬಲಗಣ್ಣು ಪೂರ್ತಿ ಉಳಿಯಿತು. ಎಡಗಣ್ಣಿನಲ್ಲಿ ಅರ್ಧ ಬೆಳಕು ಹೋಗಿತ್ತು, ಅದು ಮರಳಲಿಲ್ಲ.

ಚಳಿಗಾಲದಲ್ಲಿ ಹಿಂದಿನ ಓಣಿಯ ಯಂಕಮ್ಮನಿಗೆ ತಲೆನೋವು ಬಂದು ಕಣ್ಣು ಕೆಂಪಾಯಿತು. ಶಿವಕಾಂತಮ್ಮ ಯಾರನ್ನೂ ಕೇಳದೆ ಅವಳನ್ನು ಗುಲಬರ್ಗಾದ ಬೆಳಗಿನ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಅದು ಬರೀ ಕಣ್ಣುಬೇನೆ, ಒಂದು ವಾರದ ಮುಲಾಮಿಗೆ ಹೋಯಿತು. ಸುಮ್ಮನೆ ಇಷ್ಟು ಗದ್ದಲ ಮಾಡಿದಳೆಂದು ಓಣಿ ನಕ್ಕಿತು. ಯಂಕಮ್ಮ ನಗಲಿಲ್ಲ.