ಎರಡನೇ ಕೂಗು

ಭಾನುವಾರ ಬಂತೆಂದರೆ ಧನ್ಯಾಗೂ ಕವನಾಗೂ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಇಬ್ಬರೂ ಹಾಸನದ ಒಂದೇ ಹೈಸ್ಕೂಲಿನ ಟೀಚರುಗಳು; ಧನ್ಯಾ ಹೇಳಿಕೊಡುವುದು ಇತಿಹಾಸ, ಕವನಾ ಗಣಿತ. ವಾರವೆಲ್ಲ ಮಕ್ಕಳ ಮುಂದೆ ಗಂಟಲು ಹರಿದುಕೊಂಡು, ಭಾನುವಾರ ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿಬಿಡುವರು. ಅರಕಲಗೂಡಿನ ಕಡೆ ನಾಲೆ ಏರಿಯ ಮೇಲೆ ನಡೆದು ಪಾಳುಮಂಟಪ ನೋಡಿ ಬಂದಿದ್ದರು. ಹಳ್ಳಿಮೈಸೂರಿನ ಹೊಲದ ಬದುಗಳಲ್ಲಿ ವೀರಗಲ್ಲು ಹುಡುಕಿ, ಸೀರೆಗೆಲ್ಲ ಉತ್ತರಾಣಿ ಅಂಟಿಸಿಕೊಂಡು ಬಂದಿದ್ದರು. ಊರವರು ಬಟ್ಟೆ ಒಗೆಯುವ ಕಲ್ಲಿಗೆಲ್ಲ ಇವರು ಕೈಮುಗಿಯುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನಗುವವರು ನಗುತ್ತಿದ್ದರು. ನಗಲಿ, ಅವರ ಭಾನುವಾರವೆಲ್ಲ ಟಿವಿ ಮುಂದೆ ಕಳೆಯುತ್ತಿತ್ತು.

ಒಂದು ವಿಷಯ ಮಾತ್ರ ಧನ್ಯಾ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇತಿಹಾಸ ಓದಿದವಳು ತಾನು, ಆದರೆ ಕಲ್ಲು ಸಿಗುವುದು ಮಾತ್ರ ಪ್ರತಿಸಲವೂ ಆ ಲೆಕ್ಕದ ಮೇಡಂಗೆ. ಮೊದಮೊದಲು ಅದು ತಮಾಷೆಯಾಗಿತ್ತು. ಬರುಬರುತ್ತಾ ಹೊಟ್ಟೆಯೊಳಗೆ ಏನೋ ಉರಿಯತೊಡಗಿತ್ತು.

ಆ ಭಾನುವಾರ ಹೊರಟಿದ್ದು ಧನ್ಯಾಳ ತವರೂರಿನ ಗುಡ್ಡಕ್ಕೆ. ನುಗ್ಗೇಹಳ್ಳಿಯಲ್ಲಿ ಇಳಿದು, ಅಲ್ಲಿಯ ಹಳೇ ಗುಡಿಯನ್ನು ಇನ್ನೊಮ್ಮೆ ಸುತ್ತಿ, ಅಲ್ಲಿಂದ ತೆಂಗಿನ ತೋಟಗಳ ನಡುವಿನ ಕಾಲುದಾರಿ ಹಿಡಿದರು. ತೋಟದಲ್ಲಿ ಧನ್ಯಾಳ ಚಿಕ್ಕಪ್ಪ ನಂಜಪ್ಪ ಎಳನೀರು ಕೆತ್ತಿ ಕೊಟ್ಟ. ಕೊಡುತ್ತಲೇ ಕವನಾಳನ್ನು ವಿಚಾರಿಸಿದ.

"ಯಾವೂರಾಯ್ತವ್ವ? ಯಾರ ಪೈಕಿ ನೀವು?"

ಕವನಾ ಬಾಯಿ ತೆರೆಯುವ ಮೊದಲೇ ಧನ್ಯಾ, "ನಮ್ ಸ್ಕೂಲ್ ಮೇಡಂ ಚಿಕ್ಕಪ್ಪ, ಹಾಸನದೋರು" ಎಂದು ಅಡ್ಡ ಬಾಯಿ ಹಾಕಿದಳು. ಕವನಾ ನಿಧಾನವಾಗಿ ಎಳನೀರು ಮುಗಿಸಿ, ಬುರುಡೆ ಕೆಳಗಿಟ್ಟು, "ನಾವು ಹೊಳೆನರಸೀಪುರದ ಕಡೆಯೋರು ಕಣಪ್ಪ. ಗುಂಡಯ್ಯನ ಮಗಳು. ಬುದ್ಧನ ಒಕ್ಕಲು" ಎಂದಳು ನಗುತ್ತಾ. ಯಾವ ಕೇರಿಯವಳೆಂದು ತಿಳಿದ ನಂಜಪ್ಪ ಬರೀ ಹೂಂಗುಟ್ಟಿ ಮಚ್ಚು ಎತ್ತಿಕೊಂಡು ಹೋದ. ಹೇಳಿದವಳಿಗೆ ನಾಚಿಕೆಯಿರಲಿಲ್ಲ, ನಾಚಿಕೆಯಿದ್ದದ್ದು ಮುಚ್ಚಲು ಹೋದವಳಿಗೆ.

ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ. ಧನ್ಯಾ ಚಿಕ್ಕಂದಿನಲ್ಲಿ ಕಾರೆಹಣ್ಣು ಕಿತ್ತು ತಿಂದು ಕೂರುತ್ತಿದ್ದ ಬಂಡೆ ಅದು. ಇವತ್ತೂ ಅಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದಳು. ಕವನಾ ಸುಮ್ಮನಿರಲಾರದೆ ಅದರ ಹಿಂದಿನ ಪೊದೆಯನ್ನು ಕೋಲಿನಿಂದ ಸರಿಸಿದಳು. ಒಳಗೊಂದು ಕಲ್ಲು, ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತ ಹೆಂಗಸು.

"ಧನ್ಯಾ, ನೋಡೇ ಇಲ್ಲಿ! ನಿಮ್ಮೂರ ಹೆಣ್ಣು ಕಣೇ!"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಹುಟ್ಟಿದಾಗಿನಿಂದ ಬೆನ್ನು ಕೊಟ್ಟು ಕೂತಿದ್ದವಳಿಗೆ ಕಾಣದ್ದು ಇವತ್ತು ಬಂದವಳಿಗೆ ಕಂಡಿತು. ಕವನಾ ಫೋಟೋವನ್ನು ತಮ್ಮ ತಿರುಗಾಟದ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಚಪ್ಪಾಳೆಗಳ ಸುರಿಮಳೆ. ಧನ್ಯಾಳೂ ಒಂದು ಚಪ್ಪಾಳೆ ಒತ್ತಿದಳು. ಮನಸ್ಸಿನಲ್ಲಿ ಮಾತ್ರ 'ನಮ್ಮೂರ ಗುಡ್ಡದಲ್ಲಿ ಇವಳು' ಎಂಬ ಮಾತು ಹಾದುಹೋಯಿತು. ಆ 'ಇವಳು' ಎನ್ನುವುದರಲ್ಲಿ ಬರೀ ಲೆಕ್ಕದ ಮೇಡಂ ಇರಲಿಲ್ಲ, ಚಿಕ್ಕಪ್ಪನ ಆ 'ಹೂಂ' ಕೂಡ ಇತ್ತು. ತನ್ನೊಳಗೆ ಅಂಥದ್ದಿಲ್ಲ ಎಂದು ಧನ್ಯಾ ಇಷ್ಟು ವರ್ಷ ನಂಬಿಕೊಂಡಿದ್ದಳು.

ಹೊತ್ತು ಇಳಿಯುತ್ತಿದ್ದರೂ ಕವನಾಗೆ ಇಳಿಜಾರಿನ ಹಳೇ ಕೊಳ ನೋಡುವ ಆಸೆ. "ನೀನು ನೋಡ್ಕೊಂಡು ಬಾ, ನಾನು ಮುಂದೆ ನಡೀತಿರ್ತೀನಿ. ಬಸ್ಸು ತಪ್ಪುತ್ತೆ" ಎಂದು ಧನ್ಯಾ ದಾರಿ ಹಿಡಿದಳು.

ಸ್ವಲ್ಪ ದೂರ ನಡೆದಿರಬೇಕು. ಹಿಂದಿನಿಂದ ಒಂದು ಕೂಗು ಬಂತು: "ಧನ್ಯಾ!"

ನಿಂತಳು. ತಿರುಗಿ ನೋಡಿದಳು. ಗಿಡಗಂಟಿ ಅಡ್ಡವಿತ್ತು, ಕೊಳ ಕಾಣಲಿಲ್ಲ. ಇನ್ನೊಂದು ಕಲ್ಲು ಸಿಕ್ಕಿದೆ, ತೋರಿಸಲು ಕರೆಯುತ್ತಿದ್ದಾಳೆ. ತೋರಿಸಿಕೊಳ್ಳಲಿ ಆ ಗುಂಪಿಗೇ. ಧನ್ಯಾ ಓ ಎನ್ನಲಿಲ್ಲ, ನಡೆದುಬಿಟ್ಟಳು.

ಬಸ್ಸು ಬಂದು ಹೋಯಿತು. ಕವನಾ ಬರಲಿಲ್ಲ. ಫೋನು ಮಾಡಿದರೆ ಸ್ವಿಚಾಫ್. ಓಡಿ ಹೋಗಿ ನಂಜಪ್ಪನನ್ನು, ತೋಟದ ಆಳುಗಳನ್ನು ಕರೆದುಕೊಂಡು ಬ್ಯಾಟರಿ ಹಿಡಿದು ಗುಡ್ಡ ಹತ್ತಿದಳು. ಕೊಳದ ಮುರುಕು ಮೆಟ್ಟಿಲ ಮೇಲೆ ಕವನಾ ಕಾಲು ಮುರಿದುಕೊಂಡು ಬಿದ್ದಿದ್ದಳು. ಫೋನು ನೀರು ಸೇರಿತ್ತು. ನಂಜಪ್ಪನೇ ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದ.

ಹಾಸನದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಕವನಾ ನಡೆಯುತ್ತಾಳೆ, ಗುಡ್ಡ ಹತ್ತುವ ಮಾತು ಮಾತ್ರ ಸದ್ಯಕ್ಕೆ ಆಡಬೇಡಿ ಎಂದರು ಡಾಕ್ಟರು. ಗುಂಪಿನಲ್ಲಿ ಈಗ ಚಪ್ಪಾಳೆಯೆಲ್ಲ ಧನ್ಯಾಗೆ: ಗೆಳತಿ ಎಂದರೆ ಹೀಗಿರಬೇಕು, ಕತ್ತಲಲ್ಲಿ ಗುಡ್ಡ ಹತ್ತಿ ಹುಡುಕಿದವಳು. ಧನ್ಯಾ ಆ ಚಪ್ಪಾಳೆಗಳನ್ನು ಎರಡನೇ ಸಲ ತೆರೆದು ನೋಡಲಿಲ್ಲ. ಏನೂ ಕೇಳಿಸಲಿಲ್ಲ ಎಂದೇ ಎಲ್ಲರಿಗೂ ಹೇಳಿದ್ದಳು.

ಕವನಾ ಮನೆಗೆ ಬಂದ ಮೇಲೆ ಧನ್ಯಾ ಅವಳನ್ನು ನೋಡಲು ದಿನಾ ಹೋಗುತ್ತಿದ್ದಳು. ಕವನಾಳ ತಾಯಿ ಮುದ್ದಮ್ಮ ಧನ್ಯಾಳ ಕೈ ಹಿಡಿದುಕೊಂಡೇ ಮಾತಾಡುವಳು. ಅದೇ ದೊಡ್ಡ ಶಿಕ್ಷೆಯಾಗಿತ್ತು.

"ನೀನಿಲ್ದಿದ್ರೆ ನನ್ ಮಗ್ಳು ಆ ಕೊಳದಾಗೆ ಓಗ್ಬುಡ್ತಿದ್ಲು ಕಣವ್ವ. ಪಾಪ, ನೋವ್ನಾಗೆ ಎಷ್ಟು ಸಲ ಕೂಗ್ಕಂಡ್ಲೋ ಏನೋ!"

"ಎಷ್ಟು ಸಲ ಎಲ್ಲಿ ಅವ್ವ, ಒಂದೇ ಸಲ ಕೂಗಿದ್ದು" ಎಂದುಬಿಟ್ಟಳು ಧನ್ಯಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಲ್ಲಿ ಕಳ್ಳ ಎಂದು ಯಾರೂ ಅಂದೂ ಇರಲಿಲ್ಲ. ಮಂಚದ ಮೇಲೆ ಕವನಾ ತಲೆಯೆತ್ತಿದಳು. ಧನ್ಯಾ ಗಡಿಬಿಡಿಯಲ್ಲಿ, "ಅಲ್ಲ, ಮುಚ್ಚಂಜೇಲಿ ಒಂದು ಕೂಗಿಗೆ ಓ ಅನ್ಬಾರ್ದು ಅಂತಾರಲ್ಲ, ಅದಕ್ಕೇ..." ಎಂದು ತೊದಲಿದಳು.

"ಅದು ದಿಟವೇ. ದೆವ್ವ ಕರೆಯೋದು ಒಂದೇ ಸಲ" ಎಂದು ಮುದ್ದಮ್ಮ ಒಪ್ಪಿಕೊಂಡು, ಟೀ ಇಡಲು ಎದ್ದು ಒಳಗೆ ಹೋದಳು. ಆ ಒಪ್ಪಿಗೆಯೂ ಧನ್ಯಾಗೆ ಹೊಡೆದಂತಾಯಿತು.

"ದೆವ್ವ ಅಂದ್ಕೊಂಡ್ಯಾ?" ಕವನಾ ಕೇಳಿದಳು.

"ಇಲ್ಲ."

"ಮತ್ತೆ?"

"ನಿಂಗೆ ಇನ್ನೊಂದು ಕಲ್ಲು ಸಿಕ್ತು ಅಂದ್ಕೊಂಡೆ. ನೋಡಕ್ಕೆ ಮನಸ್ಸಾಗ್ಲಿಲ್ಲ ಕಣೇ. ಹೊಟ್ಟೆಕಿಚ್ಚು. ಅದೊಂದೇ ಅಲ್ಲ. ನಮ್ಮೂರಲ್ಲಿ ನೀನು ಅಂತ..." ಮುಂದೆ ಹೇಳಲಾಗಲಿಲ್ಲ. ಕವನಾಗೆ ಅರ್ಥವಾಗಲು ಅಷ್ಟು ಸಾಕಾಗಿತ್ತು. ಎಷ್ಟೋ ಊರುಗಳಲ್ಲಿ ಆ ಅರ್ಧ ಮಾತು ಅವಳು ಕೇಳಿದ್ದಳು.

ಕವನಾ ಮಕ್ಕಳಿಗೆ ಲೆಕ್ಕ ಬಿಡಿಸುವ ದನಿಯಲ್ಲೇ ಹೇಳಿದಳು.

"ಮೇಲಿಂದ ಕೊಳ ಕಾಣಲ್ಲ. ಕೆಳಗಿಂದ ದಾರಿ ಕಾಣುತ್ತೆ. ನೀನು ನಿಂತಿದ್ದು ಕಾಣ್ತು, ತಿರುಗಿದ್ದೂ ಕಾಣ್ತು. ಆಮೇಲೆ ನಡೆದೆ. ಅದಕ್ಕೇ ಧನ್ಯಾ, ನಾನು ಎರಡನೇ ಸಲ ಕೂಗ್ಲಿಲ್ಲ."

ಕೂಗಿದ್ದರೆ ಬರುತ್ತಿದ್ದೆ ಎಂಬ ಮಾತು ಧನ್ಯಾಳ ನಾಲಿಗೆ ತುದಿಗೆ ಬಂತು. ಬರುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಮುದ್ದಮ್ಮ ತಂದಿಟ್ಟ ಟೀಯನ್ನು ಅವಳು ಮುಟ್ಟಲಿಲ್ಲ, ಎದ್ದು ಹೋಗಲೂ ಇಲ್ಲ.